ರಕ್ಷಾಳ ಅರವತ್ತು ಗಂಟೆ

ಸಂಜಯನಗರದ ಆ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದ ಮೊದಲ ದಿನ ರಕ್ಷಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಗೂ ಒರಗದೆ ನಿಂತಿದ್ದಳು. ನಾನು ಮೇಲೇಳದ ಬಲಭುಜಕ್ಕೆ ಬಿಸಿ ಪ್ಯಾಕು ಇಟ್ಟುಕೊಂಡು ಮಲಗಿದ್ದೆ.

"ಕೂತ್ಕೋ ಮಗಾ" ಎಂದೆ.

"ಕೂಡಂಗಿಲ್ರಿ ಅಜ್ಜಿ. ಮುಟ್ಟಂಗಿಲ್ಲ, ಮಾತಾಡಂಗಿಲ್ಲ. ನೋಡಾಕ ಅಷ್ಟ ಬಂದೀನ್ರಿ" ಎಂದು ನಕ್ಕಳು.

ಅವಳಪ್ಪ ವಿರೂಪಾಕ್ಷ ಗದಗದ ಕಡೆಯವರು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮಷೀನಿನ ಮುಂದೆ ಬಗ್ಗಿ ಬಗ್ಗಿ ಬೆನ್ನು ಕೆಡಿಸಿಕೊಂಡವರು. ಆ ಬೆನ್ನು ನೋಡಿಯೇ ಅವಳು ಈ ಓದು ಹಿಡಿದಳಂತೆ. ಅರವತ್ತು ಗಂಟೆ ಹೀಗೆ ನಿಂತು ನೋಡಿ, ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ತಿಂಗಳ ಕೊನೆಗೆ ಕೊಟ್ಟರೆ ಮಾತ್ರ ಕಾಲೇಜಿನವರು ಪರೀಕ್ಷೆಗೆ ಕೂರಿಸುತ್ತಾರೆ. ಇಲ್ಲವಾದರೆ ಒಂದು ವರ್ಷ ಹೋಯಿತು. ಸಹಿ ಹಾಕಬೇಕಾದವರು ಕ್ಲಿನಿಕ್ ನಡೆಸುವ ಸತೀಶ್ ಸರ್.

ಅಮೃತಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ನಿಂತು ನಿಂತು ಕಾಲು ಊದುತ್ತಿತ್ತು. ಎಲ್ಲರ ಮೊಣಕಾಲಿಗೂ ಐಸು ಇಡುವ ಜಾಗದಲ್ಲಿ ಅವಳಿಗೊಂದು ಸ್ಟೂಲು ಸಿಗಲಿಲ್ಲ. ನನ್ನ ಕೈ ಕಿವಿಯವರೆಗೆ ಎದ್ದ ದಿನ ನನಗಿಂತ ಮೊದಲು ಗಮನಿಸಿದವಳು ಅವಳೇ.

ಪಕ್ಕದ ಮಂಚಕ್ಕೆ ಲಕ್ಕಣ್ಣನವರು ಬರುತ್ತಿದ್ದರು. ಊರಿನ ಹಳೇ ಒಕ್ಕಲುತನದ ದೊಡ್ಡ ಮನೆಯವರು. ಕ್ಲಿನಿಕ್ ಇರುವ ಕಟ್ಟಡವೂ ಅವರದೇ. ಲಕ್ವ ಹೊಡೆದು ಎಡಗೈ ಸೋತಿತ್ತು, ಮಾತು ತೊದಲುತ್ತಿತ್ತು. ಹೆಂಡತಿ ಸುಬ್ಬಮ್ಮ ಬಲಗೈಗೂ ಕೆಲಸ ಕೊಡದೆ ಫ್ಲಾಸ್ಕಿನ ಕಾಫಿಯನ್ನು ತಾವೇ ಬಾಯಿಗಿಟ್ಟು ಕುಡಿಸಿ ಸೆರಗಿನಲ್ಲಿ ತುಟಿ ಒರೆಸುತ್ತಿದ್ದರು. ಯಜಮಾನರು ನಾಲ್ಕು ಜನರ ಮುಂದೆ ಸೋತ ಕೈ ಆಡಿಸಿ ಒದ್ದಾಡುವುದೆಂದರೆ ಆ ಮನೆಗೇ ಅವಮಾನ.

ಒಂದು ಬೆಳಿಗ್ಗೆ ಸುಬ್ಬಮ್ಮ ಫೋನ್ ಬಂತೆಂದು ಹೊರಗೆ ಹೋದರು. ಪರದೆಯಾಚೆ ಸತೀಶ್ ಸರ್ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ರಕ್ಷಾ, ಇವರ ಎಡಗೈಗೆ ಲೋಟ ಕೊಡು. ಅವರೇ ಕುಡೀಲಿ. ಚೆಲ್ಲಿದ್ರೂ ನೀನು ಹಿಡೀಬೇಡ, ಗೊತ್ತಾಯ್ತಾ?"

ಹೇಳಿ, ನನ್ನ ಭುಜ ತಿರುಗಿಸಲು ಈಚೆ ಬಂದರು.

"ನಿಧಾನ ಯಜಮಾನ್ರ... ಇನ್ನೊಂಚೂರು ಮ್ಯಾಲ ಎತ್ರಿ" ಎನ್ನುತ್ತಿದ್ದಳು ರಕ್ಷಾ.

"ಬಂತು... ಬಂತು ಕಣಮ್ಮಿ" ಎಂದರು ಲಕ್ಕಣ್ಣನವರು. ಆಮೇಲೆ ಲೋಟ ಉರುಳಿದ ಸದ್ದು.

ಅದೇ ಹೊತ್ತಿಗೆ ಸುಬ್ಬಮ್ಮ ಒಳಗೆ ಬಂದು ಪರದೆ ಸರಿಸಿದರು. ಬಿಳೀ ಪಂಚೆಯ ತುಂಬ ಕಾಫಿ. ಹುಡುಗಿ ಕೈಕಟ್ಟಿ ನಿಂತಿದ್ದಾಳೆ.

"ಏನಮ್ಮಿ, ಊರಿಗೇ ಅನ್ನ ಆಕಿದ್ ಮನ್ಸ ಇಂಗೆ ಒದ್ದಾಡ್ತಾವ್ರೆ, ನಿಂತ್ಕಂಡು ತಮಾಸೆ ನೋಡ್ತೀಯಾ? ನಿಮ್ಮಪ್ಪಂಗೂ ಇಂಗೇ ಮಾಡ್ತೀಯಾ?"

"ಸರ್ ಹೇಳ್ಯಾರ್ರಿ ಅಮ್ಮಾ..."

ಸತೀಶ್ ಸರ್ ನನ್ನ ಭುಜ ಬಿಟ್ಟು ಆಚೆ ಹೋದರು. "ನಾನ್ಯಾವಾಗ ಹೇಳ್ದೆ? ನೀನು ಬಂದಿರೋದು ನೋಡೋಕೆ. ಸಾರಿ ಅಮ್ಮಾ, ಹೊಸ ಹುಡ್ಗಿ. ನಾಳೆಯಿಂದ ಬರಲ್ಲ ಬಿಡಿ."

ಲಕ್ಕಣ್ಣನವರು ಏನೋ ಹೇಳಲು ಹೊರಟರು. ಸಿಟ್ಟು ಬಂದರೆ ಅವರಿಗೆ ನಾಲಿಗೆ ಹೊರಳುವುದಿಲ್ಲ. ರಕ್ಷಾ ನನ್ನ ಕಡೆ ನೋಡಿದಳು. ನಾನು ಕೇಳಿಸಿಕೊಂಡಿದ್ದೇನೆಂದು ಅವಳಿಗೆ ಗೊತ್ತಿತ್ತು. ನನಗೆ ಇನ್ನೂ ಆರು ಸಲದ ಚಿಕಿತ್ಸೆ ಬಾಕಿಯಿತ್ತು. ನಾನು ಸೆರಗು ಸರಿಮಾಡಿಕೊಂಡೆ.

ಅವಳು ಪುಸ್ತಕ ಮುಂದೆ ಹಿಡಿದಳು. "ಐವತ್ತೆರಡು ಗಂಟಿ ಆಗ್ಯಾವ್ರಿ ಸರ್. ಅಷ್ಟಕ್ಕರ ಸಹಿ ಮಾಡ್ರಿ."

"ಪೂರ್ತಿ ಆಗ್ದೆ ಹೆಂಗ್ ಹಾಕ್ಲಿ? ಬೇರೆ ಕಡೆ ನೋಡ್ಕೋ."

ಬೇರೆ ಕಡೆ ಎಂದರೆ ಮತ್ತೆ ಮೊದಲಿನಿಂದ ಅರವತ್ತು ಗಂಟೆ; ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿತ್ತು. ಅವಳು ನೆಲದ ಕಾಫಿ ಒರೆಸಿ, ಬಟ್ಟೆ ಹಿಂಡಿ ಹಾಕಿ ಹೋದಳು.

ಮೂರು ವಾರದ ಮೇಲೆ ಲಕ್ಕಣ್ಣನವರು ಎಡಗೈಯಲ್ಲಿ ಲೋಟ ಎತ್ತಿ ಒಂದು ಗುಟುಕು ಕುಡಿದರು. ಸುಬ್ಬಮ್ಮ ಸ್ನಾನಕ್ಕೆ ಹೋದಾಗಲೆಲ್ಲ ಕದ್ದು ಅಭ್ಯಾಸ ಮಾಡುತ್ತಿದ್ದರಂತೆ. ಸುಬ್ಬಮ್ಮ ಕಣ್ಣೊರೆಸಿಕೊಂಡು ಸತೀಶ್ ಸರ್‌ಗೆ ಕೈಮುಗಿದರು, ಬುಟ್ಟಿ ತುಂಬ ಸೀಬೆಹಣ್ಣು ತರಿಸಿ ಕೊಟ್ಟರು. ಸರ್ ತೆಗೆದುಕೊಂಡರು.

ಲಕ್ಕಣ್ಣನವರು ಸುತ್ತ ನೋಡಿ, "ಆ ಉಡ್ಗಿ ಎಲ್ಲಿ? ಅವ್ಳಿಗ್ ತೋರಿಸ್ಬೇಕು" ಎಂದರು.

"ಅವಳದು ಮುಗೀತು ಯಜಮಾನ್ರೇ" ಎಂದರು ಸರ್. ನನಗೂ ಒಂದು ಹಣ್ಣು ಕೊಟ್ಟರು. ಭುಜ ಆಗಲೇ ನೆಟ್ಟಗಾಗಿತ್ತು, ಬಲಗೈಯಲ್ಲೇ ತೆಗೆದುಕೊಂಡೆ.