ಗ್ರಾಮಾಫೋನ್ ತಟ್ಟೆ ಕೊರೆದವರು

ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅವಳ ಹಾಡಿನ ಒಂದು ಕ್ಯಾಸೆಟ್ ಮಾತ್ರ ಉಳಿದಿತ್ತು. ಮಡಕಶಿರದ ತವರುಮನೆಯಲ್ಲಿ ಸೋದರಮಾವ ಹಾರ್ಮೋನಿಯಂ ನುಡಿಸಿದ್ದರು, ಅಮ್ಮ ಸೋಬಾನೆ ಹಾಡಿದ್ದಳು. ಕೇಳಿದರೆ ಚಿಕ್ಕ ಹುಡುಗಿಯ ದನಿ. ಅಮ್ಮನ ದನಿ ಹೀಗೇ ಇತ್ತೆಂದು ನಂಬಿ ಬೆಳೆದೆ.

ರಾಯದುರ್ಗದ ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ಹಿರಿಯರು ಮದ್ರಾಸಿನ ರೆಕಾರ್ಡ್ ಕಂಪನಿಯೊಂದರಲ್ಲಿ ಬಹಳ ವರ್ಷ ದುಡಿದು ಬಂದವರು. ಹಾಡುಗಾರರು ಹಾಡಿ ಹೋದ ಮೇಲೆ ಆ ಹಾಡನ್ನು ಹದ ಮಾಡಿ, ಮೊದಲ ತಟ್ಟೆಯ ಮೇಲೆ ಸೂಜಿಯಿಂದ ಗೆರೆ ಕೊರೆಯುವುದು ಅವರ ಕೆಲಸ. ಅಂಗಡಿಗೆ ಬರುವ ತಟ್ಟೆಗಳೆಲ್ಲ ಅದರ ಅಚ್ಚು. ಲಕೋಟೆಯ ಮೇಲೆ ಅವರ ಹೆಸರಿರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಕ್ಯಾಸೆಟ್ ಹಿಡಿದು ಅವರಲ್ಲಿಗೆ ಹೋದೆ. ಅದರ ಗರಗರ ಸದ್ದು ತೆಗೆದುಕೊಡಿ ಎಂದೆ. ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವ ಮಷೀನುಗಳಿದ್ದವು. ಊಟದ ಹೊತ್ತಿಗೆ ಅವು ನಿಂತ ಮೇಲೆಯೇ ಅವರು ಕೇಳಲು ಕೂತರು. ಮೂರು ಸಲ ಕೇಳಿದರು, ದನಿ ತಿದ್ದುವ ಒಂದು ಗುಂಡಿಯನ್ನೂ ಮುಟ್ಟಲಿಲ್ಲ.

"ಗರಗರ ಇರ್ಲಿ ಬಿಡ್ರಿ. ಟೇಪ್ ಓಡೋದ ತಪ್ಪೈತಿ," ಎಂದರು. "ರೆಕಾರ್ಡ್ ಮಾಡೋವಾಗ ಸೆಲ್ ಇಳಿದಿರಬೇಕು, ನಿಧಾನ ಓಡೈತಿ. ಈಗ ಸರಿಯಾದ ಮಷೀನಿಗೆ ಹಾಕಿದ್ರ ಬೇಗ ಓಡಿ ದನಿ ಸಣ್ಣಗಾಗತೈತಿ. ಆ ಹಾರ್ಮೋನಿಯಂ ಇನ್ನೂ ಐತೇನ್ರಿ?"

ಆ ಭಾನುವಾರ ಮಡಕಶಿರಕ್ಕೆ ಹೋದೆ. ಮಾವ ಅಟ್ಟದಿಂದ ಪೆಟ್ಟಿಗೆ ಇಳಿಸಿ ಧೂಳು ಒರೆಸಿದರು. "ಅವತ್ತು ನಿಮ್ಮಮ್ಮ ಹಾಡಿದ್ದು ಈ ಕರೀ ಮನೇಲಿ ಕಣವ್ವ," ಎಂದು ಹಾರ್ಮೋನಿಯಂನ ಒಂದು ಕರಿ ಕೀಲಿಯ ಮೇಲೆ ಬೆರಳಿಟ್ಟು ಒತ್ತಿದರು. ಆ ಸ್ವರವನ್ನು ಫೋನಿನಲ್ಲಿ ಹಿಡಿದು ತಂದೆ.

ಟೇಪಿನೊಳಗಿನ ಹಾರ್ಮೋನಿಯಂ ಆ ಸ್ವರಕ್ಕೆ ಹೊಂದುವವರೆಗೆ ಹಿರಿಯರು ಕೂದಲೆಳೆಯಷ್ಟೇ ವೇಗ ಇಳಿಸುತ್ತ ಹೋದರು. ತೀರ ಸಣ್ಣ ಸದ್ದುಗಳು ಅವರ ಕಿವಿಗೆ ಬೀಳುವುದು ನಿಂತುಹೋಗಿತ್ತು. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದು, "ಹಾಡಿನಾಗ 'ಸ' ಬಂದಲ್ಲಿ ಕಿವಿಗೆ ಚುಚ್ಚತೈತೇನು?" ಎಂದು ಕೇಳಿದರು.

"ಚೂರು ಚುಚ್ಚತೈತ್ರಿ."

ಅದನ್ನು ತಗ್ಗಿಸಿದರು. "ಈಗ?"

"ಈಗ ಎದುರಿಗೆ ಕೂತು ಹಾಡಿದಂಗೈತಿ," ಎಂದರು ಆಕೆ.

ದಪ್ಪನೆಯ, ಸ್ವಲ್ಪ ಒಡಕು ದನಿ. ನನಗೆ ಗುರುತೇ ಹತ್ತಲಿಲ್ಲ. ಇಷ್ಟು ದಿನ ಕೇಳಿಕೊಂಡು ಬಂದ ಅಮ್ಮನನ್ನೂ ಕಳೆದುಕೊಂಡೆ ಅನ್ನಿಸಿತು. ಅದನ್ನು ಅವರಿಗೆ ಹೇಳಿಯೂ ಬಿಟ್ಟೆ.

ಅವರು ಬೇಸರಪಡಲಿಲ್ಲ. "ನಾ ಚಂದ ಮಾಡಾಕ ಹೋಗಿಲ್ರಿ. ಆಕಿ ಹಾಡಿದಂಗ ಕೊಟ್ಟೀನಿ. ಅನುಮಾನ ಇದ್ರ ನಿಮ್ಮ ಮಾವಗ ಕೇಳಸ್ರಿ," ಎಂದರು.

ಅಲ್ಲೇ ಫೋನು ಹಚ್ಚಿದೆ. ಮಾವ ಎರಡು ಸಾಲು ಕೇಳಿದರು. ಆಮೇಲೆ, "ಇದೇ ಕಣವ್ವ ನಮ್ಮಕ್ಕನ ದನಿ. ಬೆಳಿಗ್ಗೆ ನನ್ನ ಎಬ್ಬಿಸ್ತಿದ್ದುದು ಹಿಂಗೇ," ಎಂದರು. ಆ ದನಿ ನನಗೆ ಒಗ್ಗಲು ಒಂದು ತಿಂಗಳು ಹಿಡಿಯಿತು.

ಸುದ್ದಿ ಹಬ್ಬಿ ಕಣೇಕಲ್ಲು, ಗುಮ್ಮಘಟ್ಟದವರೂ ಹಳೆಯ ಕ್ಯಾಸೆಟ್ ತರತೊಡಗಿದರು. ನಾನು ಬಿಡುವಿದ್ದಾಗ ಹೋಗಿ ಪಕ್ಕದಲ್ಲಿ ಕೂತು ಕಲಿತೆ. ಹೋದ ವರ್ಷ ಹಿರಿಯರು ತೀರಿಕೊಂಡಾಗ ಕೆಲವು ಕ್ಯಾಸೆಟ್‌ಗಳು ಹಾಗೇ ಉಳಿದಿದ್ದವು. ಈಗ ಶನಿವಾರ ಮಧ್ಯಾಹ್ನ ಅವರ ಹೆಂಡತಿಯೂ ನಾನೂ ಅವುಗಳ ಮುಂದೆ ಕೂರುತ್ತೇವೆ. ಗುಂಡಿ ತಿರುಗಿಸುವವಳು ನಾನು. ನಾನು ಜಾಸ್ತಿ ತಿರುಗಿಸಿದರೆ ಆಕೆ ನನ್ನ ಕೈ ಹಿಡಿಯುತ್ತಾರೆ.