ರಂಗೂನಿನಿಂದ ಬಂದ ತಲಾಖು

ಮೈಮೂನಾ ಎಂದರೆ ಊರವರು ಪಾಪದ ಹೆಂಗಸು ಅನ್ನುತ್ತಾರೆ. ನನ್ನನ್ನು ಕೇಳಿ. ಶಿರಸಿ ಪೇಟೆಯಲ್ಲಿ ಅವಳ ಮನೆಯ ಎದುರೇ ನನ್ನ ಹೊಲಿಗೆ ಅಂಗಡಿ. ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ, ಅಂಥ ಹೊಟ್ಟೆಕಿಚ್ಚಿನ ಹೆಂಗಸು ಇನ್ನೊಬ್ಬಳಿಲ್ಲ. ಗಂಡಸರಲ್ಲಿ ಆ ಹೆಸರು ನನಗೇ ಸಲ್ಲಬೇಕು.

ಅವಳ ಗಂಡ ಅಬ್ದುಲ್ ಗಫೂರ್ ಯಲ್ಲಾಪುರಕ್ಕೆ ಮೋಟಾರು ಓಡಿಸುತ್ತಿದ್ದ. ಮೈಮೂನಾಳನ್ನು ಕೇಳಬೇಕೆಂದು ನಾನು ಧೈರ್ಯ ಕೂಡಿಸುವಷ್ಟರಲ್ಲಿ ಅವನು ಕೇಳಿಬಿಟ್ಟ. ಮದುವೆಯ ಶೇರವಾನಿ ನಾನೇ ಹೊಲಿದೆ. ಕಂಕುಳಲ್ಲಿ ಬೇಕೆಂದೇ ಅರ್ಧ ಅಂಗುಲ ಬಿಗಿ ಇಟ್ಟೆ. ನಿಕಾಹಿನ ದಿನವೆಲ್ಲ ಅವನು ಕೈ ಎತ್ತಲಾಗದೆ ಒದ್ದಾಡಿದ.

ನಾಲ್ಕು ವರ್ಷಕ್ಕೆ ಅವನು ಒಳ್ಳೆಯ ಕೆಲಸ ಸಿಕ್ಕಿತೆಂದು ರಂಗೂನಿಗೆ ಹೋದ. ಅಲ್ಲಿ ಮಾ ಶ್ವೆ ಎಂಬ ಬರ್ಮಾದವಳ ಜೊತೆ ಸಂಸಾರ ಹೂಡಿದ. ರಂಗೂನಿನಿಂದ ಯಾರೇ ಬರಲಿ, ಮೈಮೂನಾ ಕೇಳುತ್ತಿದ್ದುದು ಒಂದೇ ಮಾತು: "ಅವಳ ಜಡೆ ನನ್ನದಕ್ಕಿಂತ ಉದ್ದವಾ?" ಗಂಡ ಹೇಗಿದ್ದಾನೆಂದು ಒಮ್ಮೆಯೂ ಕೇಳಲಿಲ್ಲ.

ಮೂವತ್ತೆಂಟನೇ ಇಸವಿಯಲ್ಲಿ ಕಾಗದ ಬಂತು. ಮೈಮೂನಾಳಿಗೆ ತಲಾಖ್ ಕೊಟ್ಟಿದ್ದೇನೆಂದು ಗಫೂರ್ ಯಾರಿಂದಲೋ ಬರೆಸಿ ಹೆಬ್ಬೆಟ್ಟು ಒತ್ತಿದ್ದ. ಮೊದಲ ಹೆಂಡತಿಯನ್ನು ಬಿಟ್ಟದ್ದಕ್ಕೆ ಶಿರಸಿಯ ಕಾಜಿಯ ಬರಹ ತರಿಸದೆ ನಿಕಾಹಿಲ್ಲ ಎಂದು ಮಾ ಶ್ವೆಯ ಮನೆಯವರು ಪಟ್ಟು ಹಿಡಿದಿದ್ದರಂತೆ.

ಕಾಜಿಯವರು ತಲೆ ಕೆರೆದುಕೊಂಡರು. "ಬರ್ಮಾ ಈಗ ಬೇರೆ ದೇಶ. ಅಲ್ಲಿನ ಸಾಕ್ಷಿಗಳನ್ನು ಎಲ್ಲಿಂದ ಕರೆಸಲಿ? ಇದು ಗಫೂರನದೇ ಹೆಬ್ಬೆಟ್ಟು ಅಂತ ಬಲ್ಲವರು ಹೇಳಿದರೆ ಬರೆದುಕೊಡುತ್ತೇನೆ."

ಬಲ್ಲವನು ನಾನು. ಮೋಟಾರಿನ ಹ್ಯಾಂಡಲ್ ಹೊಡೆದು ಅವನ ಹೆಬ್ಬೆರಳು ಸೀಳಿದಾಗ ಬಟ್ಟೆ ಸುತ್ತಿದವನೇ ನಾನು. ಆ ಗಾಯದ ಗೆರೆ ಕಾಗದದ ಮೇಲೆ ಅಡ್ಡಡ್ಡ ಮೂಡಿತ್ತು. ನಾಳೆ ಶುಕ್ರವಾರ ನಮಾಜಿನ ನಂತರ ಹೇಳು ಅಂದರು.

ಸಂಜೆ ಮೈಮೂನಾ ಅಂಗಡಿಯ ಬಾಗಿಲಿಗೆ ಬಂದಳು.

"ಗನಿ ಭಾಯ್, ಅವನದಲ್ಲ ಅಂತ ಹೇಳಿ."

"ಅವನದೇ ಅದು."

"ನಂಗೆ ಗೊತ್ತಿಲ್ವಾ? ಆ ಬೆರಳು ನಂಗೆ ಗೊತ್ತಿಲ್ವಾ?"

"ಮತ್ತೆ? ನಿಂಗೆ ಬಿಡುಗಡೆ ಆಗ್ತದೆ ಮೈಮೂನಾ. ಇದ್ದತ್ತಿನ ಮೂರು ತಿಂಗಳು ಕಾದು ಮುಗಿದ ಮೇಲೆ ಯಾರಾದ್ರೂ..." ನಾನು ಸೂಜಿಗೆ ದಾರ ಪೋಣಿಸತೊಡಗಿದೆ.

"ನಂಗೆ ಯಾರೂ ಬೇಡ. ನಾನು ಬಿಟ್ರೆ ಅವಳು ಹೆಂಡತಿ ಆಗ್ತಾಳೆ. ಸಾಯೋವರೆಗೂ ಇಟ್ಟುಕೊಂಡವಳಾಗೇ ಇರ್ಲಿ ಅವಳು!"

ಮರುದಿನ ಮಸೀದಿಯ ಅಂಗಳದಲ್ಲಿ ಕಾಗದ ನನ್ನ ಕೈಗೆ ಬಂತು. ಹೌದು ಎಂದರೆ ಅವಳು ಬಿಡುಗಡೆಯಾಗುತ್ತಿದ್ದಳು. ಸಿಟ್ಟು ಆರಿದ ಮೇಲೆ, ವರ್ಷಕ್ಕೋ ಎರಡು ವರ್ಷಕ್ಕೋ, ನಾನು ಕೇಳಬಹುದಿತ್ತು. ಅಷ್ಟು ಬುದ್ಧಿ ನನಗಿತ್ತು.

"ಅಲ್ಲ," ಎಂದೆ. "ಇದು ಗಫೂರನದಲ್ಲ."

ಅವಳ ಮೇಲಿನ ಪ್ರೀತಿಯಿಂದ ಹಾಗೆ ಹೇಳಿದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ನಿಜ ಅದಲ್ಲ. ನಾನು ಬಯಸಿದವಳನ್ನು ಕಟ್ಟಿಕೊಂಡು, ಬಿಟ್ಟು, ಈಗ ತಾನು ಬಯಸಿದ ಇನ್ನೊಬ್ಬಳ ಜೊತೆ ಅವನು ನಿಕಾಹಿಗೆ ಕೂರುತ್ತಾನೆ ಎಂಬುದು ನೆನಪಾಗಿ ಮೈ ಉರಿದುಹೋಯಿತು. ಆ ಉರಿಯಲ್ಲಿ ಬೇರೇನೂ ಕಾಣಲಿಲ್ಲ.

ಅಂದು ಸಂಜೆ ಮೈಮೂನಾ ಬಟ್ಟಲು ತುಂಬ ಶಾವಿಗೆ ಪಾಯಸ ತಂದುಕೊಟ್ಟಳು. ನಗುತ್ತಿದ್ದಳು, ಎಷ್ಟೋ ವರ್ಷದ ಮೇಲೆ. ಅರ್ಧ ಬಟ್ಟಲು ಮುಗಿಸಿದ ಮೇಲೆ ನನಗೆ ಹೊಳೆಯಿತು: ಅವಳು ಇನ್ನು ಬದುಕಿರುವಷ್ಟು ಕಾಲವೂ ಗಫೂರನ ಹೆಂಡತಿ, ಮತ್ತು ಅದಕ್ಕೆ ಸಾಕ್ಷಿ ನಾನು.