ಕೈಗೆಟುಕದ ಜಾಗ

ಶಾಲೆಯ ಸಮವಸ್ತ್ರ ಹೊಲಿಯುವ ಆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಚಿಕ್ಕಕ್ಕ ಎಂದರೆ ಅವಳ ಬೆನ್ನಿಗೆ ಬಿದ್ದ ತಂಗಿ. ಅಕ್ಕಪಕ್ಕದ ಮಿಷಿನ್ ತುಳಿದು, ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಮಲಗಿ, ಇಬ್ಬರೂ ಹಾಗೆಯೇ ಕೂದಲು ನರೆಸಿಕೊಂಡಿದ್ದರು. ಐವತ್ತು ದಾಟಿದ ಮೇಲೆ ತಂಗಿ, ಅಂಗಡಿಗೆ ನೂಲು ಗುಂಡಿ ತಂದುಕೊಡುತ್ತಿದ್ದ ವಿಧುರನನ್ನು ಮದುವೆಯಾಗುತ್ತೇನೆಂದಳು.

"ಈ ವಯಸ್ಸಲ್ಲಿ ನಿಂಗೇನು ಬಂತೇ? ಜನ ಆಡ್ಕೊಂಡು ನಗಲ್ವಾ?"

"ನಗೋ ಜನ ನಾಳೆ ನಂಗೆ ಜ್ವರ ಬಂದ್ರೆ ಬಂದು ಕೂತ್ಕೊಳ್ತಾರಾ ಅಕ್ಕಾ?"

"ನಾನು ಸತ್ತಿದೀನಾ?" ಎಂದು ದೊಡ್ಡಕ್ಕ ಎದ್ದು ಹೋದಳು.

ಮದುವೆಯ ದಿನ ಅಂಗಡಿ ತೆರೆದು ಸಂಜೆಯವರೆಗೆ ಕಾಲರ್ ಹೊಲಿದಳು. ತಂಗಿ ಫೋನ್ ಮಾಡಿದರೆ ಎತ್ತಲಿಲ್ಲ. ಕೆಲವು ತಿಂಗಳಾದ ಮೇಲೆ ಫೋನ್ ಬರುವುದೂ ನಿಂತಿತು. ಎಂಥ ದಪ್ಪ ಹೆಗಲಿಗೂ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವ ಅವಳಿಗೆ, ಒಬ್ಬಳಿಗೆ ಅಡುಗೆ ಮಾಡುವ ಅಳತೆ ಮಾತ್ರ ಹತ್ತಲೇ ಇಲ್ಲ.

ಆ ಬೇಸಿಗೆಯಲ್ಲಿ ಬೆನ್ನ ನಡುವೆ ತುರಿಕೆ ಎದ್ದಿತು. ಬಾಗಿಲ ಚೌಕಟ್ಟಿಗೆ ಉಜ್ಜಿ ಉಜ್ಜಿ ಹುಣ್ಣು ಮಾಡಿಕೊಂಡಳು. ಚರ್ಮದ ಡಾಕ್ಟರು ವಯಸ್ಸಾದವರು, ಮಾತುಗಾರರು. ಹುಣ್ಣಿನ ಸುತ್ತ ಬೆರಳಾಡಿಸಿ, "ಇದಕ್ಕೆ ಅಕ್ನೆಸ್ಟಿಸ್ ಅಂತಾರಮ್ಮ" ಎಂದರು.

"ಅಯ್ಯೋ, ದೊಡ್ಡ ಕಾಯಿಲೇನಾ ಡಾಕ್ಟ್ರೇ?"

"ಕಾಯಿಲೆ ಅಲ್ಲ, ಜಾಗದ ಹೆಸರು. ತನ್ನ ಬೆನ್ನಲ್ಲಿ ತಾನೇ ಕೆರ್ಕೊಳ್ಳೋಕೆ ಎಟುಕದೇ ಇರೋ ಜಾಗ. ದನ, ನಾಯಿ, ಅಂಥ ನಾಲ್ಕು ಕಾಲಿನ ಪ್ರಾಣಿಗಳಿಗೆ ಹೇಳೋ ಪದ. ಬೇರೆ ಡಾಕ್ಟ್ರು ಯಾರೂ ಬಳಸಲ್ಲ, ನಂಗೊಬ್ಬನಿಗೇ ಅದರ ಮೇಲೆ ಮೋಹ."

"ನಾನೂ ಬಾಗಿಲಿಗೆ ಉಜ್ಜಿಕೊಂಡೆನಲ್ಲ, ಸರಿಯಾಗೇ ಇದೆ ಬಿಡಿ."

ಡಾಕ್ಟರು ಜೋರಾಗಿ ನಕ್ಕರು. "ಬೆಳಿಗ್ಗೆ ಸಂಜೆ ಮನೇಲಿ ಯಾರ ಕೈಲಾದ್ರೂ ಈ ಮುಲಾಮು ಹಚ್ಚಿಸ್ಕೊಳ್ಳಿ."

"ಆಯ್ತು" ಎಂದಳು. ಯಾರೂ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಕೋಣೆಗೆ ಬಂದು ಮರದ ಸ್ಕೇಲಿನ ತುದಿಗೆ ಬಟ್ಟೆ ಸುತ್ತಿ ಹಚ್ಚಿಕೊಳ್ಳಲು ನೋಡಿದಳು. ಮುಲಾಮು ಹೆಗಲಿಗೆ ಹತ್ತಿತು, ಜಡೆಗೆ ಹತ್ತಿತು, ಹುಣ್ಣಿಗೆ ಮಾತ್ರ ಹತ್ತಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಬೆನ್ನ ಹುಣ್ಣಿಗೆ ಎರಡು ಕನ್ನಡಿ ಹಿಡಿದರೂ ಸಾಲದು. ಮರುದಿನ ಅಳತೆ ಕೊಡಲು ಬಂದ ಶಾಲೆಯ ಟೀಚರೊಬ್ಬರ ಬೆನ್ನಿಗೆ ಟೇಪ್ ಹಿಡಿದಾಗ, ಈಕೆಯನ್ನೇ ಕೇಳಿದರೇನು ಅನ್ನಿಸಿತು. ಬಾಯಿ ತೆರೆದಳು. "ತೋಳು ಎಷ್ಟುದ್ದ ಇಡ್ಲಿ?" ಎಂಬ ಮಾತು ಹೊರಬಂತು.

ಹುಣ್ಣು ಕೀವು ಕಟ್ಟಿ ಮೈ ಬಿಸಿಯಾದ ದಿನ, ಮುಲಾಮು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದಳು. ಬಾಗಿಲು ತೆರೆದವನು ತಂಗಿಯ ಗಂಡ. ಒಂದು ಗಳಿಗೆ ತಬ್ಬಿಬ್ಬಾಗಿ, "ಬನ್ನಿ ಅತ್ತಿಗೆ" ಎಂದವನೇ ಹೆಂಡತಿಯನ್ನು ಕರೆದು, ಅಂಗಡಿಗೆ ಹೋಗಿಬರುತ್ತೇನೆಂದು ಹೊರಬಿದ್ದ.

ದೊಡ್ಡಕ್ಕ ಮುಲಾಮು ಮುಂದೆ ಚಾಚಿ, ಬೆನ್ನು ತಿರುಗಿಸಿ ಕೂತಳು. ತಂಗಿ ರವಿಕೆ ಸಡಿಲಿಸಿ ನೋಡಿ, "ಅಯ್ಯೋ ಪಾಪಿ, ಇಷ್ಟಾಗೋವರೆಗೂ ಯಾರ ಮೇಲೆ ಹಟ ಮಾಡ್ತಿದ್ದೆ?" ಎಂದಳು. ಬಿಸಿನೀರಲ್ಲಿ ಹುಣ್ಣು ಒರೆಸಿ, ಮೆತ್ತಗೆ ಹಚ್ಚಿದಳು.

"ಉರೀತಿದೆಯಾ?"

"ಇಲ್ಲ" ಎಂದಳು ದೊಡ್ಡಕ್ಕ. ಕಣ್ಣೀರು ಇಳಿಯುತ್ತಿತ್ತು. ಬೆನ್ನ ಹಿಂದಿದ್ದವಳಿಗೆ ಅದು ಕಾಣಲಿಲ್ಲ.

ಹಾಗೆ ದಿನವೂ ಸಂಜೆ ಬಸ್ ಹತ್ತಿ ಹೋಗಿಬಂದಳು. ಮದುವೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಹುಣ್ಣು ಒಣಗಿತು. ಒಣಗಿದ ಮೇಲೆ ಹೋಗಲು ನೆಪವಿರಲಿಲ್ಲ. ಒಂದು ಸಂಜೆ ಮಿಷಿನ್ ಮುಂದೆಯೇ ಕೂತುಬಿಟ್ಟಳು. ಕತ್ತಲಾಗುವ ಹೊತ್ತಿಗೆ ಫೋನ್ ಬಂತು. ಎತ್ತಿದಳು.

"ಯಾಕಕ್ಕಾ ಬರ್ಲಿಲ್ಲ?"

"ವಾಸಿಯಾಯ್ತಲ್ಲ."

"ವಾಸಿಯಾದೋರು ಬರಬಾರ್ದು ಅಂತ ಯಾರು ಹೇಳಿದ್ರು? ಭಾನುವಾರ ಊಟಕ್ಕೆ ಬಾ."

"ನೋಡ್ತೀನಿ" ಎಂದು ಫೋನ್ ಇಟ್ಟಳು. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಪಕ್ಕದ ಮಿಷಿನ್ ಮೇಲೆ ಕೂತಿದ್ದ ಧೂಳು ಒರೆಸಿ, ದೀಪ ಆರಿಸಿ, ಮೆಟ್ಟಿಲು ಹತ್ತಿದಳು.